ಬ್ರೈಸ್‌ಗೆ ಹೋಗೋರು 89ನೇ ಹೆದ್ದಾರಿ ಹಿಡಿಯಬೇಕಾ? ಯೂಟಾದ ಹಳೇ ವಲಸಿಗರ ಊರುಗಳ ಬಗ್ಗೆ ಗೊತ್ತಿದ್ದವರು ಹೇಳಿ

ತುಂಗಾತೀರ:
ಅಮೆರಿಕದ ಯೂಟಾ ರಾಜ್ಯದ ಕಡೆ ಓಡಾಡಿರುವ ಕನ್ನಡಿಗರು ಸ್ವಲ್ಪ ದಾರಿ ತೋರಿಸಿ. ಜೂನ್‌ನಲ್ಲಿ ಅಪ್ಪ ಅಮ್ಮನ ಜೊತೆ ಸಾಲ್ಟ್ ಲೇಕ್ ಸಿಟಿಯಿಂದ ಹೊರಟು ಬ್ರೈಸ್ ಕ್ಯಾನ್ಯನ್, ಅಲ್ಲಿಂದ ಜಯಾನ್, ಎರಡೂ ನ್ಯಾಷನಲ್ ಪಾರ್ಕು ನೋಡಿಕೊಂಡು ಬರಬೇಕು ಅಂತಿದ್ದೇವೆ. ಫೋನಿನ ಮ್ಯಾಪು ಐ-15 ಅನ್ನೋ ದೊಡ್ಡ ಹೆದ್ದಾರಿ ಹಿಡಿದು ಸೀದಾ ಹೋಗು ಅನ್ನುತ್ತಿದೆ. ಆಫೀಸಿನಲ್ಲಿ ಒಬ್ಬರು, 89ನೇ ಹೆದ್ದಾರಿಯಲ್ಲಿ ಹೋಗಿ, ಹಳೇ ಊರುಗಳು ಸಿಗುತ್ತವೆ ಅಂದರು. ಅಪ್ಪ ರೈತರು, ಹೊಲ, ಕಾಲುವೆ, ಹಳೇ ಮನೆ ಅಂದರೆ ಅವರಿಗೆ ಜೀವ. ದಿನವೆಲ್ಲ ಬರೀ ಬಂಡೆ ನೋಡಿದರೆ ಅಮ್ಮನಿಗೆ ಬೇಜಾರಾಗುತ್ತದೆ. ಒಂದೆರಡು ಗಂಟೆ ಜಾಸ್ತಿ ಆದರೂ ಪರವಾಗಿಲ್ಲ. ಆ ದಾರಿಯಲ್ಲಿ ನಿಜವಾಗಿ ನೋಡುವಂಥದ್ದು ಇದೆಯಾ?

ಪ್ರೊವೊ ಕನ್ನಡತಿ:
ಇದೆ, ತುಂಬಾ ಇದೆ. ಐ-15ರಲ್ಲಿ ಹೋದರೆ ಬ್ರೈಸ್ ಬೇಗ ಸಿಗುತ್ತದೆ ಅಷ್ಟೇ, ಯೂಟಾ ಸಿಗಲ್ಲ. 89ರಲ್ಲೇ ಹೋಗಿ.

ಸ್ಪ್ಯಾನಿಶ್ ಫೋರ್ಕ್ ಊರಲ್ಲಿ ಐ-15 ಬಿಟ್ಟು 6ನೇ ಹೆದ್ದಾರಿಯಲ್ಲಿ ಕಣಿವೆಯೊಳಗೆ ಹೋದರೆ, ಥಿಸಲ್ ಅನ್ನೋ ಜಾಗದಲ್ಲಿ 89 ಬಲಕ್ಕೆ ಒಡೆಯುತ್ತದೆ. ಥಿಸಲ್ ಈಗ ಊರಲ್ಲ. 1983ರ ಏಪ್ರಿಲ್‌ನಲ್ಲಿ ಗುಡ್ಡ ಜರಿದು ನದಿಗೆ ಅಡ್ಡ ಬಿತ್ತು, ನೀರು ನಿಂತು ಊರಿಗೆ ಊರೇ ಮುಳುಗಿತು, ರೈಲು ಹಳಿ ಕೂಡ ಹೋಯಿತು. ಆಮೇಲೆ ನೀರು ಬಿಟ್ಟರು, ಆದರೆ ಜನ ವಾಪಸ್ ಬರಲಿಲ್ಲ. ಹೂಳಲ್ಲಿ ಹುಗಿದು ಬರೀ ಮೇಲ್ಭಾಗ ಕಾಣೋ ಮನೆ ರಸ್ತೆಯಿಂದಲೇ ಕಾಣುತ್ತದೆ.

ಅಲ್ಲಿಂದ ಮುಂದೆ ಸ್ಯಾನ್‌ಪೀಟ್ ಕಣಿವೆ. ನಿಮ್ಮ ತಂದೆಯವರಿಗೆ ಇಷ್ಟ ಆಗೋದು ಇದೇ. ಫೇರ್‌ವ್ಯೂ, ಮೌಂಟ್ ಪ್ಲೆಸೆಂಟ್, ಸ್ಪ್ರಿಂಗ್ ಸಿಟಿ, ಇಫ್ರೇಮ್, ಮ್ಯಾಂಟೈ. ಎಲ್ಲವೂ ಮಾರ್ಮನ್ ಅನ್ನೋ ಕ್ರೈಸ್ತ ಪಂಥದವರು ಕಟ್ಟಿದ ಊರುಗಳು. ಅವರು 1847ರ ಜುಲೈ 24ಕ್ಕೆ ಸಾಲ್ಟ್ ಲೇಕ್ ಕಣಿವೆಗೆ ಬಂದು ಸೇರಿದ್ದು. ಇವತ್ತಿಗೂ ಯೂಟಾದಲ್ಲಿ ಆ ದಿನ ಸರ್ಕಾರಿ ರಜೆ, ಊರೂರಲ್ಲಿ ಮೆರವಣಿಗೆ. ಬಂದ ಎರಡೇ ವರ್ಷಕ್ಕೆ, ಅಂದರೆ 1849ರ ನವೆಂಬರ್‌ನಲ್ಲಿ, ಐಸಾಕ್ ಮಾರ್ಲಿ ಅನ್ನುವವರ ಹಿಂದೆ ಇನ್ನೂರಕ್ಕೂ ಜಾಸ್ತಿ ಜನ ಮ್ಯಾಂಟೈಗೆ ಬಂದರು. ಮನೆ ಕಟ್ಟೋಕೆ ಪುರುಸೊತ್ತಿಲ್ಲ, ಹಿಮ ಸುರಿಯೋಕೆ ಶುರು. ಗುಡ್ಡದ ತೆಂಕಣ ಮಗ್ಗುಲಲ್ಲಿ ಗುಂಡಿ ತೋಡಿ ಅದರಲ್ಲೇ ಚಳಿಗಾಲ ಕಳೆದರು. ಮುಂದಿನ ವಸಂತದಲ್ಲಿ ಅದೇ ಗುಡ್ಡದ ಬಂಡೆ ಸಂದಿಯಿಂದ ಬುಡುಬುಡಿಕೆ ಹಾವುಗಳು ರಾಶಿ ರಾಶಿ ಹೊರಗೆ ಬಂದವಂತೆ!

ಅದೇ ಗುಡ್ಡದ ಮೇಲೆ ಅದೇ ಗುಡ್ಡದ ಕಲ್ಲಿನಲ್ಲಿ ಒಂದು ಟೆಂಪಲ್, ಅಂದರೆ ಮಾರ್ಮನ್ ಪಂಥದವರ ಮಂದಿರ, ಕಟ್ಟಿದ್ದಾರೆ. 1877ರಲ್ಲಿ ಕೆಲಸ ಶುರು, 1888ರಲ್ಲಿ ಮುಗಿದದ್ದು. ಕೆನೆ ಬಣ್ಣದ ಸುಣ್ಣಕಲ್ಲು. ಕಣಿವೆಯಲ್ಲಿ ಎಷ್ಟೋ ಮೈಲಿ ದೂರದಿಂದಲೇ ಕಾಣುತ್ತದೆ. ಸಂಜೆ ಬಿಸಿಲಿಗೆ ನೋಡಿ.

ಅಡಿಕೆತೋಟ:
ಟೆಂಪಲ್ ಒಳಗೆ ನಮ್ಮನ್ನು ಬಿಡುತ್ತಾರಾ? ಒಳಗಡೆ ಮಧ್ಯದಲ್ಲಿ ಕಂಬವೇ ಇಲ್ಲದ ಸುರುಳಿ ಮೆಟ್ಟಿಲು ಇದೆ ಅಂತ ಕೇಳಿದ್ದೆ.

ಪ್ರೊವೊ ಕನ್ನಡತಿ:
ಮೆಟ್ಟಿಲು ಇರೋದು ನಿಜ, ಎರಡು ಇವೆ. ಆದರೆ ಒಳಗೆ ಆ ಪಂಥದವರಿಗೆ ಮಾತ್ರ ಪ್ರವೇಶ. ರಿಪೇರಿ ಮುಗಿಸಿ 2024ರಲ್ಲಿ ಮತ್ತೆ ತೆರೆದಿದ್ದಾರೆ. ಹೊರಗಿನ ಅಂಗಳ, ಹುಲ್ಲುಹಾಸು, ಹೂದೋಟ ಎಲ್ಲರೂ ನೋಡಬಹುದು, ಯಾರೂ ಏನೂ ಅನ್ನಲ್ಲ.

ಹೊಲದಂಚು:
ನಾನು ಈ ಕಣಿವೆ ಪಕ್ಕದಲ್ಲೇ ಕೆಲಸ ಮಾಡುತ್ತೇನೆ, ನೀರಾವರಿ ಸಂಬಂಧದ ಕೆಲಸ. ಅದಕ್ಕೆ ಒಂದು ಮಾತು ಸೇರಿಸಲೇಬೇಕು. ಎಲ್ಲರೂ ಹಳೇ ಮನೆ, ಚರ್ಚು ಅಂತ ನೋಡುತ್ತಾರೆ, ಕಾಲಬುಡದಲ್ಲಿ ಹರಿಯೋ ಕಾಲುವೆ ನೋಡೋದೇ ಇಲ್ಲ. ಈ ಊರುಗಳು ನಿಂತಿರುವುದೇ ಅದರ ಮೇಲೆ. ಮಳೆ ನಂಬಿ ಬೆಳೆ ತೆಗೆಯೋ ನಾಡಲ್ಲ ಇದು. ಬೆಟ್ಟದ ಮೇಲಿನ ಹಿಮ ಕರಗಿ ಬರೋ ತೊರೆ ನೀರನ್ನು ತಿರುಗಿಸಿ, ಊರಿನ ಬೀದಿ ಬದಿಯಲ್ಲೇ ಸಣ್ಣ ಕಾಲುವೆ ಮಾಡಿ, ಮನೆ ಮನೆ ಹಿತ್ತಲಿಗೆ ಸರದಿ ಪ್ರಕಾರ ಬಿಟ್ಟರು. ಸರದಿ ಅಂದರೆ ಗಂಟೆ ಲೆಕ್ಕ. ನಿಮ್ಮ ಪಾಳಿ ನಡುರಾತ್ರಿ ಬಂದರೆ ನಡುರಾತ್ರಿಯೇ ಎದ್ದು ಹೋಗಿ ನೀರು ತಿರುಗಿಸಿಕೊಳ್ಳಬೇಕು. ಇದನ್ನೆಲ್ಲ ನೋಡಿಕೊಳ್ಳೋಕೆ ವಾಟರ್‌ಮಾಸ್ಟರ್ ಅಂತ ಒಬ್ಬ ಇರುತ್ತಿದ್ದ. ನಮ್ಮ ಕಡೆ ಕೆರೆ ತೂಬು ನೋಡಿಕೊಳ್ಳೋ ನೀರಗಂಟಿ ಇದ್ದ ಹಾಗೆಯೇ.

ಸ್ಪ್ರಿಂಗ್ ಸಿಟಿಯಲ್ಲಿ ಕಾರು ನಿಲ್ಲಿಸಿ ಒಂದು ಅಡ್ಡರಸ್ತೆಯಲ್ಲಿ ನಡೆಯಿರಿ. ಬೀದಿಗಳು ಬೇಕಾದ್ದಕ್ಕಿಂತ ಎರಡು ಪಟ್ಟು ಅಗಲ. ರಸ್ತೆಯ ಅಂಚಿನಲ್ಲಿ ಒಂದು ಮೊಳ ಅಗಲದ ಕಾಲುವೆ, ದಡದಲ್ಲಿ ಹುಲ್ಲು. ಅಲ್ಲಲ್ಲಿ ಎರಡು ಗೂಟದ ನಡುವೆ ತಗಡಿನ ಒಂದು ಹಲಗೆ, ಮೇಲೆ ಹಿಡಿಕೆ. ಹಲಗೆ ಮೇಲೆತ್ತಿದರೆ ನೀರು ಹಿತ್ತಲಿಗೆ, ಇಳಿಸಿದರೆ ಮುಂದಿನ ಮನೆಗೆ. ಹಿಡಿಕೆಯ ಕಬ್ಬಿಣ ಕೈ ತಾಗಿ ತಾಗಿ ನುಣುಪಾಗಿರುತ್ತದೆ. ನಿಮ್ಮ ತಂದೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ, ನೋಡಿದ ಕೂಡಲೇ ಗೊತ್ತಾಗುತ್ತದೆ.

ಆ ಊರು ಪೂರ್ತಿಯಾಗಿ ರಾಷ್ಟ್ರೀಯ ಐತಿಹಾಸಿಕ ಪಟ್ಟಿಯಲ್ಲಿದೆ. ಒಂದೊಂದು ಮನೆ ಅಲ್ಲ, ಇಡೀ ಊರು. ಸುಣ್ಣಕಲ್ಲಿನ ಮನೆಗಳು ಇನ್ನೂ ಜನ ವಾಸ ಇರುವ ಮನೆಗಳೇ. ಫೋಟೋ ತೆಗೆಯುವಾಗ ಅಂಗಳದೊಳಗೆ ನುಗ್ಗಬೇಡಿ. ಮೇ ಕೊನೆ ವಾರದಲ್ಲಿ ಹೆರಿಟೇಜ್ ಡೇ ಮಾಡುತ್ತಾರೆ, ಆವತ್ತು ಕೆಲವು ಮನೆ ಒಳಗೆ ಕೂಡ ನೋಡಬಹುದು.

ಸಂತೆಪೇಟೆ:
ಇಫ್ರೇಮ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಈ ಕಣಿವೆಗೆ ಬಂದು ನೆಲೆಸಿದವರಲ್ಲಿ ಡೆನ್ಮಾರ್ಕ್, ಸ್ವೀಡನ್, ನಾರ್ವೆ ಕಡೆಯವರು ತುಂಬಾ ಜನ. ಯುರೋಪಿನಲ್ಲಿ ಮಾರ್ಮನ್ ಮತಕ್ಕೆ ಸೇರಿ, ಹಡಗು ಹತ್ತಿ, ಆಮೇಲೆ ಎತ್ತಿನ ಗಾಡಿಯಲ್ಲೋ, ಗಾಡಿಗೂ ದುಡ್ಡಿಲ್ಲದವರು ಸಾಮಾನು ತುಂಬಿದ ಕೈಗಾಡಿ ತಾವೇ ಎಳೆದುಕೊಂಡೋ ಇಲ್ಲಿಗೆ ಬಂದವರು. ಅದಕ್ಕೆ ಈ ಭಾಗಕ್ಕೆ ಲಿಟಲ್ ಡೆನ್ಮಾರ್ಕ್ ಅಂತಲೂ ಹೆಸರು. ಎಲ್ಲಿ ನೋಡಿದರೂ ಪೀಟರ್ಸನ್, ಜೆನ್ಸನ್, ಒಂದೇ ಹೆಸರಿನವರು ಎಷ್ಟೋ ಜನ ಇದ್ದದ್ದರಿಂದ ಒಬ್ಬೊಬ್ಬರಿಗೂ ಒಂದು ಅಡ್ಡಹೆಸರು ಇಡಬೇಕಾಯಿತಂತೆ. ಮೇ ಕೊನೆಯಲ್ಲಿ ಇಫ್ರೇಮ್‌ನಲ್ಲಿ ಸ್ಕ್ಯಾಂಡಿನೇವಿಯನ್ ಹಬ್ಬ ನಡೆಯುತ್ತದೆ.

ಸಿ. ಸಿ. ಎ. ಕ್ರಿಸ್ಟೆನ್ಸನ್ ಅನ್ನೋ ಚಿತ್ರಕಾರರು ಇದೇ ಊರಿನಲ್ಲಿದ್ದವರು. ಹುಟ್ಟಿದ್ದು ಕೋಪನ್‌ಹೇಗನ್, 1831ರಲ್ಲಿ. ಕೈಗಾಡಿ ಎಳೆದುಕೊಂಡು ಬಂದವರಲ್ಲಿ ಅವರೂ ಒಬ್ಬರು. ತಮ್ಮ ಜನರ ಕಥೆಯನ್ನು ದೊಡ್ಡ ದೊಡ್ಡ ಬಟ್ಟೆಗಳ ಮೇಲೆ ಬರೆದು, ಒಂದಕ್ಕೊಂದು ಹೊಲಿದು, ಉದ್ದನೆ ಕೋಲಿಗೆ ಸುತ್ತಿ, ಗಾಡಿಯಲ್ಲಿ ಹೇರಿಕೊಂಡು ಊರೂರು ತಿರುಗಿ, ದೀಪದ ಬೆಳಕಲ್ಲಿ ಒಂದೊಂದೇ ಚಿತ್ರ ಬಿಚ್ಚಿ ಕಥೆ ಹೇಳುತ್ತಿದ್ದರು. ಹೊಲ ಮಾಡಿಕೊಂಡು ಇದನ್ನೂ ಮಾಡಿದರು ಅನ್ನೋದು ನೆನೆಸಿಕೊಂಡರೆ ಮನಸ್ಸು ತುಂಬಿ ಬರುತ್ತದೆ.

ಕಲ್ಲುಗುಡ್ಡ:
ಎಲ್ಲ ಸರಿ, ಒಂದು ವಿಷಯ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿಗೆ ಮೊದಲು ಬಂದವರು ಮಾರ್ಮನ್ನರೇ ಅನ್ನೋ ಹಾಗೆ ಮಾತಾಡುತ್ತಿದ್ದೇವೆ. ಅವರು ಮೊದಲಲ್ಲ. ಮ್ಯಾಂಟೈಗೆ ಬಂದು ನೆಲೆಸಿ ಅಂತ ಕರೆದವರೇ ಇಲ್ಲಿನ ಮೂಲನಿವಾಸಿಗಳಾದ ಯೂಟ್ ಜನರ ಮುಖಂಡ ವಾಕರಾ. ಕರೆದ ನಾಲ್ಕೇ ವರ್ಷಕ್ಕೆ, 1853ರಲ್ಲಿ, ಅವರ ಜೊತೆಗೇ ಜಗಳ ಹತ್ತಿಕೊಂಡಿತು. ಆಮೇಲೆ 1865ರಲ್ಲಿ ಮ್ಯಾಂಟೈನಲ್ಲೇ ಕಿಡಿ ಹೊತ್ತಿ ಬ್ಲ್ಯಾಕ್ ಹಾಕ್ ಯುದ್ಧ ಅಂತ ಏಳು ವರ್ಷ ನಡೆಯಿತು. ಹುಲ್ಲುಗಾವಲು ದನಗಳ ಪಾಲಾಯಿತು, ಬೇಟೆ ಹೋಯಿತು, ಯೂಟ್ ಜನ ಹಸಿದರು. ಹಸಿದವರು ದನ ಹೊಡೆದುಕೊಂಡು ಹೋದರು. ಅದಕ್ಕೆ ವಲಸಿಗರು ಬಂದೂಕು ಎತ್ತಿದರು.

89ರಲ್ಲೇ ಇನ್ನೂ ಕೆಳಗೆ ಸರ್ಕಲ್‌ವಿಲ್ ಅಂತ ಊರಿದೆ. ಊರು ದಾಟಿದ ಮೇಲೆ ರಸ್ತೆ ಪಕ್ಕ ಬುಚ್ ಕ್ಯಾಸಿಡಿ ಹುಡುಗನಾಗಿದ್ದಾಗ ಇದ್ದ ಮರದ ಗುಡಿಸಲು ಸಿಗುತ್ತದೆ, ಬ್ಯಾಂಕು ರೈಲು ದೋಚುತ್ತಿದ್ದನಲ್ಲ ಅವನೇ. ಎಲ್ಲರೂ ಅಲ್ಲಿ ನಿಲ್ಲಿಸುತ್ತಾರೆ. ನಿಲ್ಲಿಸಲಿ. ಆದರೆ ಊರೊಳಗಿನ ಪಾರ್ಕಿನಲ್ಲಿ ಒಂದು ಕಲ್ಲು ಇದೆ, 2016ರಲ್ಲಿ ಇಟ್ಟದ್ದು. ಅಲ್ಲೂ ನಿಲ್ಲಿಸಿ. 1866ರ ಏಪ್ರಿಲ್‌ನಲ್ಲಿ ಊರಿನ ವಲಸಿಗರು ಯುದ್ಧಕ್ಕೆ ಸಂಬಂಧವೇ ಇಲ್ಲದ ಪಾಯೂಟ್ ಅನ್ನೋ ಇನ್ನೊಂದು ಬುಡಕಟ್ಟಿನ ಜನರನ್ನು ಊರಿಗೆ ಕರೆಸಿ, ಕೈಕಟ್ಟಿ ಕೂಡಿಹಾಕಿ, ಗಂಡಸರು ಹೆಂಗಸರು ಅನ್ನದೆ ಕೊಂದರು. ಬಿಟ್ಟದ್ದು ತೀರಾ ಚಿಕ್ಕ ಮಕ್ಕಳನ್ನು ಮಾತ್ರ. ಒಬ್ಬರಿಗೂ ಶಿಕ್ಷೆ ಆಗಲಿಲ್ಲ. 150 ವರ್ಷ ಆದಮೇಲೆ ಆ ಕಲ್ಲು ಬಂತು. ಪಾಯೂಟ್ ಬುಡಕಟ್ಟಿನ ಮಾನ್ಯತೆಯನ್ನೇ 1954ರಲ್ಲಿ ಕೇಂದ್ರ ಸರ್ಕಾರ ಕಿತ್ತುಕೊಂಡಿತ್ತು, 1980ರಲ್ಲಿ ವಾಪಸ್ ಕೊಟ್ಟಿತು. ಇವತ್ತೂ ಅವರು ಇಲ್ಲೇ ಇದ್ದಾರೆ. ಕಾಲುವೆ ತೋಡಿದವರ ಕಷ್ಟ ಓದಿ ಕಣ್ಣೀರು ಹಾಕೋರು ಇದನ್ನೂ ಓದಬೇಕು.

ಸಂತೆಪೇಟೆ:
ಬೇಜಾರು ಯಾಕೆ ಸಾರ್. ಸರಿಯಾಗಿಯೇ ಹೇಳಿದಿರಿ. ಆದರೂ ಒಂದು ಮಾತು. ಡೆನ್ಮಾರ್ಕಿನಿಂದ ಕೈಗಾಡಿ ಎಳೆದುಕೊಂಡು ಬಂದ ಬಡವರಿಗೆ ಇಲ್ಲಿ ಯಾರ ನೆಲ ಅಂತ ಯಾರೂ ಹೇಳಿರಲಿಲ್ಲ. ಅವರ ಪಾಡೂ ಪಾಡೇ.

ಕಲ್ಲುಗುಡ್ಡ:
ಬರುವ ಮೊದಲು ಗೊತ್ತಿರಲಿಲ್ಲ, ಒಪ್ಪುತ್ತೇನೆ. ಬಂದಮೇಲೆ ಕಣ್ಣಿಗೆ ಕಾಣುತ್ತಿತ್ತಲ್ಲ. ನಾನು ಆ ಬಡವರನ್ನು ಬೈಯುತ್ತಿಲ್ಲ. ರಸ್ತೆ ಬದಿಯ ಫಲಕಗಳಲ್ಲಿ ಒಂದೇ ಕಡೆಯ ಕಥೆ ಇದ್ದರೆ, ನೋಡೋಕೆ ಹೋಗುವ ನಾವು ಇನ್ನೊಂದು ಕಡೆಯದನ್ನು ಹುಡುಕಿಕೊಂಡು ಹೋಗಬೇಕು ಅನ್ನುತ್ತಿದ್ದೇನೆ.

ಪ್ರೊವೊ ಕನ್ನಡತಿ:
ಇಬ್ಬರ ಮಾತೂ ಇಲ್ಲಿ ಇರಲಿ. ನಾನು ಮುಂದಿನ ದಾರಿ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಜೂನ್ ಅಂದಿರಿ, ಜೂನ್‌ಗೆ ಸರಿಯಾದ ಊರು ಪ್ಯಾಂಗ್ವಿಚ್.

ಸಲೈನಾ, ರಿಚ್‌ಫೀಲ್ಡ್ ದಾಟಿ ಸೆವಿಯರ್ ನದಿ ಜೊತೆಗೇ ದಕ್ಷಿಣಕ್ಕೆ ಬಂದರೆ ಪ್ಯಾಂಗ್ವಿಚ್ ಸಿಗುತ್ತದೆ. 6,600 ಅಡಿ ಎತ್ತರ, ಜೂನ್‌ನಲ್ಲೂ ರಾತ್ರಿ ಚಳಿ. ಇಲ್ಲಿಗೆ ಜನ ಬಂದದ್ದು 1864ರಲ್ಲಿ. ಗೋಧಿ ಕಾಳು ಕಟ್ಟೋ ಮೊದಲೇ ಹಿಮ ಬಿದ್ದು ಬೆಳೆ ಹೋಯಿತು. ಚಳಿಗಾಲದ ನಡುವೆ ಮನೆಗಳಲ್ಲಿ ಹಿಟ್ಟಿಲ್ಲ. ಏಳು ಜನ ಗಂಡಸರು ಬೆಟ್ಟ ದಾಟಿ ಪ್ಯಾರೊವಾನ್‌ನಿಂದ ಹಿಟ್ಟು ತರೋಕೆ ಹೊರಟರು. ಸುಮಾರು 40 ಮೈಲಿ ದಾರಿ. ಹಿಮ ಎಷ್ಟಿತ್ತೆಂದರೆ ಗಾಡಿ ಎತ್ತುಗಳನ್ನು ಅರ್ಧ ದಾರಿಯಲ್ಲೇ ಬಿಡಬೇಕಾಯಿತು. ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗುತ್ತಿದ್ದರು. ಆಗ ಒಂದು ಕೌದಿ ಹಾಸಿ ಅದರ ಮೇಲೆ ಮೊಣಕಾಲೂರಿ ಪ್ರಾರ್ಥನೆ ಮಾಡಿದರು. ಕೌದಿ ಹೂಳಲಿಲ್ಲ! ಅಲ್ಲಿಂದ ಅದೇ ಉಪಾಯ. ಕೌದಿ ಹಾಸು, ಅದರ ತುದಿವರೆಗೆ ನಡೆ, ಮುಂದೆ ಇನ್ನೊಂದು ಹಾಸು, ಹಿಂದಿನದನ್ನು ಎಳೆದುಕೋ, ಕೊಡವು, ಮತ್ತೆ ಮುಂದಕ್ಕೆ ಹಾಸು. ಹೋಗಿದ್ದೂ ಹಾಗೆ, ಹಿಟ್ಟು ಹೊತ್ತು ಬಂದದ್ದೂ ಹಾಗೆ. ಯಾವುದೋ ಹೆಂಗಸರು ಕಂದೀಲು ಬೆಳಕಲ್ಲಿ ಕೂತು ಹೊಲಿದ ಕೌದಿಗಳು ಒಂದು ಊರನ್ನೇ ಉಳಿಸಿದವು.

ಜೂನ್‌ನಲ್ಲಿ ಇದರ ನೆನಪಿಗೆ ಕ್ವಿಲ್ಟ್ ವಾಕ್ ಹಬ್ಬ ಮಾಡುತ್ತಾರೆ. ಕೌದಿಗಳ ಪ್ರದರ್ಶನ ಇರುತ್ತದೆ. ಅಮ್ಮನಿಗೆ ಕೌದಿ ಹೊಲಿಯೋದು ಗೊತ್ತಿದ್ದರೆ ಅಲ್ಲಿನ ಅಜ್ಜಿಯಂದಿರ ಜೊತೆ ಭಾಷೆ ಬಾರದಿದ್ದರೂ ಮಾತಾಡಿಸಿಕೊಂಡು ಬರುತ್ತಾರೆ, ನೋಡಿ ಬೇಕಾದರೆ. ಊರಿನ ಕೆಂಪು ಇಟ್ಟಿಗೆ ಮನೆಗಳನ್ನೂ ಗಮನಿಸಿ. ಇಟ್ಟಿಗೆ ಗೂಡಿನಲ್ಲಿ ದುಡಿದವರಿಗೆ ಕೂಲಿಯನ್ನು ಇಟ್ಟಿಗೆಯಲ್ಲೇ ಕೊಡುತ್ತಿದ್ದರು ಅಂತ ಊರಿನವರು ಹೇಳುತ್ತಾರೆ.

ಅಡಿಕೆತೋಟ:
ಅಕ್ಕಾ, ಪ್ಯಾಂಗ್ವಿಚ್‌ನಿಂದ ಬ್ರೈಸ್, ಬ್ರೈಸ್‌ನಿಂದ ಸೀದಾ ಜಯಾನ್ ಅಂತ ಹೋಗುವ ಬದಲು 12ನೇ ಹೆದ್ದಾರಿ ಪೂರ್ತಿ ಮಾಡಿ ಅಂತ ಹೇಳಿ ಅವರಿಗೆ. ನಾವು ಹೋಗಿದ್ದೆವು, ಅಷ್ಟು ಚೆನ್ನಾಗಿರೋ ರಸ್ತೆ ನಾನಂತೂ ಬೇರೆಲ್ಲೂ ನೋಡಿಲ್ಲ. ಬ್ರೈಸ್ ದಾಟಿ ಎಸ್ಕಲಾಂಟೆ, ಅಲ್ಲಿಂದ ಬೌಲ್ಡರ್, ಆಮೇಲೆ ಬೆಟ್ಟ ಹತ್ತಿ ಟೋರಿ. ಎಸ್ಕಲಾಂಟೆ ಮತ್ತು ಬೌಲ್ಡರ್ ನಡುವೆ ಹಾಗ್‌ಬ್ಯಾಕ್ ಅಂತ ಒಂದು ಕಡೆ ರಸ್ತೆ ಏಣಿನ ಮೇಲೆ ಹೋಗುತ್ತದೆ, ಎರಡೂ ಬದಿ ಪ್ರಪಾತ, ತಡೆಗೋಡೆಯೂ ಇಲ್ಲ. ಬೌಲ್ಡರ್ ಊರಿಗೆ ಎಷ್ಟೋ ವರ್ಷ ಟಪಾಲು ಹೇಸರಗತ್ತೆ ಮೇಲೆ ಬರುತ್ತಿತ್ತು. ಆ ರಸ್ತೆ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಟೋರಿಯಿಂದ ಸ್ವಲ್ಪ ಮುಂದೆ ಕ್ಯಾಪಿಟಲ್ ರೀಫ್ ಪಾರ್ಕಿನೊಳಗೆ ಫ್ರೂಟಾ ಅಂತ ಊರಿತ್ತು. ಯಾವತ್ತೂ ಹತ್ತು ಕುಟುಂಬಕ್ಕಿಂತ ಜಾಸ್ತಿ ಇರಲಿಲ್ಲ. ಕೆಂಪು ಬಂಡೆ ಗೋಡೆಗಳ ನಡುವೆ, ನದಿ ದಡದಲ್ಲಿ ಹಣ್ಣಿನ ತೋಟ. ಚೆರಿ, ಜರ್ದಾಲು, ಪೀಚ್, ಪೇರ್, ಸೇಬು. ಊರವರು ಹೋದರು, ತೋಟವನ್ನು ಪಾರ್ಕಿನವರು ಹಾಗೇ ಉಳಿಸಿಕೊಂಡಿದ್ದಾರೆ, ಇವತ್ತಿಗೂ ಕಾಲುವೆ ನೀರು ಹಾಯಿಸಿಯೇ. ಹಣ್ಣಾದಾಗ ನಾವೇ ಒಳಗೆ ಹೋಗಿ ಕೀಳಬಹುದು. ಏಣಿ ಇಟ್ಟಿರುತ್ತಾರೆ, ಉದ್ದನೆ ದೋಟಿ ಇರುತ್ತದೆ. ತೋಟದೊಳಗೆ ತಿಂದದ್ದಕ್ಕೆ ದುಡ್ಡಿಲ್ಲ. ಹೊರಗೆ ತೆಗೆದುಕೊಂಡು ಹೋಗೋದನ್ನು ಅಲ್ಲೇ ಇರುವ ತಕ್ಕಡಿಯಲ್ಲಿ ನಾವೇ ತೂಗಿ, ದುಡ್ಡು ಡಬ್ಬಿಗೆ ಹಾಕಿ ಹೊರಡೋದು. ಜೂನ್ ನಡುವಿನಿಂದ ಚೆರಿ ಶುರು. ವಸಂತದಲ್ಲಿ ಹಿಮ ಬಿದ್ದು ಹೂ ಸುಟ್ಟ ವರ್ಷ ಹಣ್ಣೇ ಇರಲ್ಲ, ಅದಕ್ಕೆ ಹೊರಡುವ ಮುಂಚೆ ಪಾರ್ಕಿಗೆ ಫೋನ್ ಮಾಡಿ ಕೇಳಿ. ಹಣ್ಣಿಲ್ಲದಿದ್ದರೂ ಗಿಫರ್ಡ್ ಮನೆ ಅಂತ 1908ರ ಒಂದು ಮನೆಯಲ್ಲಿ ಹಣ್ಣಿನ ಪೈ ಮಾರುತ್ತಾರೆ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನಕ್ಕೆ ಖಾಲಿಯಾಗಿರುತ್ತದೆ.

ಕಲ್ಲುಗುಡ್ಡ:
ಫ್ರೂಟಾದಲ್ಲೇ ಹೆದ್ದಾರಿ ಪಕ್ಕದ ಬಂಡೆಯಲ್ಲಿ ಹಿಂದೆ ಇಲ್ಲಿದ್ದ ಮೂಲನಿವಾಸಿಗಳಾದ ಫ್ರೀಮಾಂಟ್ ಜನ ಕೆತ್ತಿದ ಚಿತ್ರಗಳಿವೆ. ಎದೆ ಅಗಲದ ಮನುಷ್ಯರು, ತಲೆ ಮೇಲೆ ಕೊಂಬಿನಂಥ ಉಡುಗೆ, ಪಕ್ಕದಲ್ಲಿ ಕಾಡುಕುರಿ. ಏಳುನೂರು ವರ್ಷಕ್ಕೂ ಹಳೆಯವು. ಮರದ ಹಲಗೆಯ ನಡೆದಾರಿ ಹಾಕಿದ್ದಾರೆ, ವಯಸ್ಸಾದವರಿಗೂ ಸುಲಭ. ಅವರೂ ಅದೇ ನದಿ ನೀರಿನಲ್ಲಿ ಮೆಕ್ಕೆಜೋಳ, ಅವರೆ ಜಾತಿಯ ಕಾಳು, ಕುಂಬಳ ಬೆಳೆದವರು.

ಕ್ಯಾಪಿಟಲ್ ಗಾರ್ಜ್ ಅನ್ನೋ ಇಕ್ಕಟ್ಟಿನ ಕಣಿವೆಯಲ್ಲಿ ಇನ್ನೊಂದು ಇದೆ. 1962ರಲ್ಲಿ ಈಗಿನ ಹೆದ್ದಾರಿ ಆಗುವವರೆಗೂ ಗಾಡಿ, ಆಮೇಲೆ ಕಾರು, ಎಲ್ಲ ಅದರೊಳಗೇ ಹೋಗುತ್ತಿದ್ದವು. ಹೋಗುತ್ತಾ ಹೋಗುತ್ತಾ ಗೋಡೆ ಮೇಲೆ ತಮ್ಮ ಹೆಸರು, ಇಸವಿ ಕೆತ್ತಿದರು. ಅದಕ್ಕೆ ಪಯೊನಿಯರ್ ರಿಜಿಸ್ಟರ್ ಅನ್ನುತ್ತಾರೆ. ದಯವಿಟ್ಟು ನಿಮ್ಮ ಹೆಸರು ಸೇರಿಸೋಕೆ ಹೋಗಬೇಡಿ, ಈಗ ಅದು ಅಪರಾಧ. ಕೆಲವರು ಕೆತ್ತಿ ಹಾಳು ಮಾಡಿದ್ದಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ತುಂಗಾತೀರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಕಾಲುವೆ ವಿಷಯ ಓದಿ ಹೇಳಿದೆ, ಬ್ರೈಸ್ ಬೇಕಾದರೆ ಬಿಡೋಣ, ಆ ತಗಡಿನ ಬಾಗಿಲು ತೋರಿಸು ಅನ್ನುತ್ತಿದ್ದಾರೆ. ಈಗ ಮೂರು ಪ್ರಶ್ನೆ. ಜಯಾನ್ ಕಡೆ 89ರಲ್ಲಿ ಏನಾದರೂ ಇದೆಯಾ? ಸಸ್ಯಾಹಾರ ಸಿಗುತ್ತಾ? ಎಸ್ಕಲಾಂಟೆ ಹತ್ತಿರ ಹೋಲ್ ಇನ್ ದ ರಾಕ್ ಅಂತ ಮ್ಯಾಪಲ್ಲಿ ಕಾಣುತ್ತಿದೆ, ಅಲ್ಲಿಗೆ ಹೋಗಬಹುದಾ?

ಸಂತೆಪೇಟೆ:
ಜಯಾನ್‌ಗೆ ತಿರುಗುವ ಮುಂಚೆ ಆರ್ಡರ್‌ವಿಲ್ ಸಿಗುತ್ತದೆ. 1875ರಿಂದ ಸುಮಾರು ಹತ್ತು ವರ್ಷ ಇಡೀ ಊರು ಒಂದೇ ಮನೆಯ ಹಾಗೆ ಬದುಕಿತು. ಯಾರಿಗೂ ಸ್ವಂತ ಆಸ್ತಿ ಇಲ್ಲ, ಊಟ ಎಲ್ಲರಿಗೂ ಒಂದೇ ಕಡೆ, ಬಟ್ಟೆ ಊರಲ್ಲೇ ನೇಯ್ದದ್ದು. ಒಬ್ಬ ಹುಡುಗನ ಕಥೆ ಇವತ್ತಿಗೂ ಹೇಳುತ್ತಾರೆ. ಕುರಿಮರಿಗಳ ಬಾಲ ಕತ್ತರಿಸಿ ಬಿಸಾಡುತ್ತಿದ್ದರಲ್ಲ, ಆ ಬಾಲದ ಉಣ್ಣೆ ಕೂಡಿಟ್ಟು ಮಾರಿ, ಅಂಗಡಿಯಿಂದ ಒಂದು ಪ್ಯಾಂಟ್ ತಂದ. ಕುಣಿತಕ್ಕೆ ಹಾಕಿಕೊಂಡು ಹೋದ. ಹಿರಿಯರು ಕರೆಸಿ, ನಿನ್ನ ಜಾಣತನ ಸರಿ, ಆದರೆ ಇಲ್ಲಿ ಎಲ್ಲರಿಗೂ ಒಂದೇ ಥರ ಅಂದು, ಆ ಪ್ಯಾಂಟ್ ಬಿಚ್ಚಿ ಅದರ ಅಳತೆಯಲ್ಲೇ ಎಲ್ಲರಿಗೂ ಹೊಲಿಸೋಣ ಅಂತ ತೀರ್ಮಾನಿಸಿದರು. ಹಳೇದು ಹರಿದವರಿಗೆ ಮಾತ್ರ ಹೊಸದು. ಅಷ್ಟರಲ್ಲಿ ಊರಿನ ಹುಡುಗರ ಪ್ಯಾಂಟುಗಳೆಲ್ಲ ಹಿಂಬದಿಯಲ್ಲೇ ಸವೆಯೋಕೆ ಶುರುವಾದವು. ನೋಡಿದರೆ ಸಾಣೆಕಲ್ಲಿಗೆ ಕೂತು ಉಜ್ಜುತ್ತಿದ್ದರು!

ಇನ್ನೂ ಕೆಳಗೆ ಹೋದರೆ ಕನಾಬ್. ಅಲ್ಲಿ 1912ರಿಂದ ಎರಡು ವರ್ಷ ಊರಿನ ಮೇಯರ್ ಮತ್ತು ಕೌನ್ಸಿಲ್ ಪೂರ್ತಿ ಹೆಂಗಸರೇ. ತಮಾಷೆಗೆ ಅಂತ ಅವರ ಹೆಸರು ಹಾಕಿದ್ದರು, ಗೆದ್ದುಬಿಟ್ಟರು, ಗೆದ್ದಮೇಲೆ ಬೀದಿಗೆ ದನ ಬಿಡೋದಕ್ಕೆ, ಜೂಜಿಗೆ, ಹೆಂಡಕ್ಕೆ ಕಡಿವಾಣ ಹಾಕಿದರು.

ಪ್ರೊವೊ ಕನ್ನಡತಿ:
ಊಟದ ವಿಷಯ. ಚಿಕ್ಕ ಊರುಗಳಲ್ಲಿ ಸಸ್ಯಾಹಾರ ಕಷ್ಟ, ಆಲೂ, ಸಲಾಡ್, ಗ್ರಿಲ್ಡ್ ಚೀಸ್ ಅಷ್ಟೇ. ಸ್ಕೋನ್ ಅಂತ ಮೆನುವಿನಲ್ಲಿ ಕಂಡರೆ ತಗೊಳ್ಳಿ, ಯೂಟಾದಲ್ಲಿ ಅದು ಎಣ್ಣೆಯಲ್ಲಿ ಉಬ್ಬಿಸಿ ಕರಿದದ್ದು, ಮೇಲೆ ಜೇನು ಬೆರೆಸಿದ ಬೆಣ್ಣೆ. ಯಾವ ಎಣ್ಣೆ ಅಂತ ಕೇಳಿಕೊಳ್ಳಿ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೊರಡೋದೇ ಒಳ್ಳೇದು. ಹೋಗುವಾಗ ಸ್ಪ್ಯಾನಿಶ್ ಫೋರ್ಕ್‌ನಲ್ಲಿ ರಾಧಾಕೃಷ್ಣ ದೇವಸ್ಥಾನ ಇದೆ, ಅಮ್ಮನನ್ನು ಕರೆದುಕೊಂಡು ಹೋಗಿ. ಹೋಳಿ ಹಬ್ಬಕ್ಕೆ ಅಲ್ಲಿ ಸಾವಿರಾರು ಕಾಲೇಜು ಮಕ್ಕಳು ಬರುತ್ತಾರೆ, ಬಹಳಷ್ಟು ಜನ ಮಾರ್ಮನ್ ಮನೆಯವರೇ.

ಮುಖ್ಯವಾಗಿ, ಸ್ಯಾನ್‌ಪೀಟ್ ಕಣಿವೆಗೆ ಭಾನುವಾರ ಹೋಗಬೇಡಿ. ಅಂಗಡಿ, ಹೋಟೆಲು, ಮ್ಯೂಸಿಯಂ ಹೆಚ್ಚಿನವು ಮುಚ್ಚಿರುತ್ತವೆ. ಶುಕ್ರವಾರ ಇಲ್ಲವೇ ಶನಿವಾರ ಹೋಗಿ.

ಹೊಲದಂಚು:
ಹೋಲ್ ಇನ್ ದ ರಾಕ್ ಬಗ್ಗೆ. 1879ರಲ್ಲಿ ಸುಮಾರು 250 ಜನ ಮಾರ್ಮನ್ ವಲಸಿಗರು, 80ರಷ್ಟು ಗಾಡಿ, ಆರು ವಾರದ ದಾರಿ ಅಂದುಕೊಂಡು ಹೊರಟು ಆರು ತಿಂಗಳು ತೆಗೆದುಕೊಂಡರು. ಕೊಲರಾಡೊ ನದಿಯ ಮೇಲಿನ ಬಂಡೆಯಲ್ಲಿ ಒಂದು ಸೀಳು ಇತ್ತು, ಅದನ್ನು ಮದ್ದು ಹಾಕಿ ಅಗಲ ಮಾಡಿ, ಗಾಡಿಗಳಿಗೆ ಹಗ್ಗ ಕಟ್ಟಿ, ಹಿಂದಿನಿಂದ ಜನ ಎಳೆದು ಹಿಡಿದು ಒಂದೊಂದೇ ಇಳಿಸಿದರು. ಒಬ್ಬರೂ ಸಾಯಲಿಲ್ಲ, ದಾರಿಯಲ್ಲಿ ಮಕ್ಕಳು ಬೇರೆ ಹುಟ್ಟಿದವು. 1880ರ ಏಪ್ರಿಲ್‌ನಲ್ಲಿ ಬ್ಲಫ್ ಅನ್ನೋ ಜಾಗ ತಲುಪಿ, ಇನ್ನು ಒಂದು ಹೆಜ್ಜೆಯೂ ಆಗಲ್ಲ ಅಂತ ಅಲ್ಲೇ ಊರು ಕಟ್ಟಿದರು.

ಆದರೆ ಅಪ್ಪ ಅಮ್ಮನ ಜೊತೆ ಆ ಸೀಳಿನವರೆಗೆ ಹೋಗಬೇಡಿ. ಹೋಗೋಕೇ 50 ಮೈಲಿಗಿಂತ ಜಾಸ್ತಿ ಮಣ್ಣುರಸ್ತೆ, ಪೂರ್ತಿ ಉಬ್ಬುತಗ್ಗು, ಸೊಂಟ ಕಳಚುತ್ತದೆ. ಕೊನೆಯ ಕೆಲವು ಮೈಲಿ ಬಂಡೆ ಮೇಲೆ, ಎತ್ತರದ ಫೋರ್ ವೀಲ್ ಗಾಡಿ ಬೇಕು. ಬಾಡಿಗೆ ಕಾರಾದರೆ ಕರಾರು ಓದಿ, ಮಣ್ಣುರಸ್ತೆಯಲ್ಲಿ ಕೆಟ್ಟರೆ ಟೋ ಮಾಡಿಸುವ ಖರ್ಚು ನಿಮ್ಮ ತಲೆ ಮೇಲೆ ಬರುತ್ತದೆ. ಮಳೆ ಬಂದರಂತೂ ಇಳಿಯಲೇಬೇಡಿ, ಆ ಮಣ್ಣು ಜೇಡಿಯಾಗಿ ಚಕ್ರ ಹಿಡಿದುಕೊಳ್ಳುತ್ತದೆ. ಅದರ ಬದಲು ಆ ಹೊತ್ತನ್ನು ಫ್ರೂಟಾಗೆ ಇಟ್ಟುಕೊಳ್ಳಿ. 12ರಲ್ಲಿ ಸಂಜೆಯ ಮೇಲೆ ಓಡಿಸಬೇಡಿ, ಬೇಲಿ ಇಲ್ಲದ ಕಡೆ ದನ ರಸ್ತೆ ಮೇಲೇ ನಿಂತಿರುತ್ತವೆ, ಜಿಂಕೆ ಅಡ್ಡ ಬರುತ್ತವೆ. ಪೆಟ್ರೋಲನ್ನು ಎಸ್ಕಲಾಂಟೆಯಲ್ಲೇ ತುಂಬಿಸಿಕೊಳ್ಳಿ. ಬೌಲ್ಡರ್ ಬೆಟ್ಟ 9,000 ಅಡಿ ದಾಟುತ್ತದೆ, ಅಪ್ಪನಿಗೆ ಉಸಿರಿನ ತೊಂದರೆ ಇದ್ದರೆ ಮೇಲೆ ಜಾಸ್ತಿ ಹೊತ್ತು ನಿಲ್ಲಬೇಡಿ. ಸ್ಪ್ರಿಂಗ್ ಸಿಟಿಗೆ ಯಾವತ್ತು ಬರುತ್ತೀರಿ ಅಂತ ಹೇಳಿ, ಆ ಬೀದಿಯಲ್ಲಿ ಯಾವ ಹೊತ್ತಿಗೆ ನೀರು ಬಿಡುತ್ತಾರೆ ಅಂತ ಕೇಳಿ ತಿಳಿಸುತ್ತೇನೆ.